ಟಕ್ ಅಂದದ್ದು ಸ್ಕ್ರೂ, ಬೇಸ್ ಅಲ್ಲ: ಟಾರ್ಕ್ ಡ್ರೈವರ್ ಜೊತೆ ನಾಲ್ಕು ತಿಂಗಳು

ರೈಫಲ್ ಹಾಳಾಯಿತು ಅಂತ ಮಾರಲು ಹೊರಟಿದ್ದೆ. ಕೊಳ್ಳುವವರೂ ಸಿಕ್ಕಿದ್ದರು. ಅದು ಇನ್ನೂ ನನ್ನ ಕಪಾಟಿನಲ್ಲೇ ಇದೆ ಅಂದರೆ ಅದಕ್ಕೆ ಕಾರಣ ಒಂದು ಸ್ಕ್ರೂಡ್ರೈವರ್. ಹಾಗಂತ ಇದು ಬರೀ ಹೊಗಳಿಕೆಯ ಬರಹ ಅಲ್ಲ. ಇದೇ ಸ್ಕ್ರೂಡ್ರೈವರ್ ನನ್ನನ್ನು ಮೂರು ವಾರ ದಾರಿ ತಪ್ಪಿಸಿತ್ತು. ಎರಡನ್ನೂ ಹೇಳುತ್ತೇನೆ.

ವಸ್ತು ಏನಪ್ಪಾ ಅಂದರೆ, ಕೋವಿ ಕೆಲಸಕ್ಕೆಂದೇ ಮಾಡಿದ, ಕ್ಲಿಕ್ ಬಗೆಯ ಟಾರ್ಕ್ (ತಿರುಚುವ ಬಲ) ಸ್ಕ್ರೂಡ್ರೈವರ್. ಹಿಡಿಯ ತುದಿ ತಿರುಗಿಸಿ ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ಇಟ್ಟುಕೊಳ್ಳುವುದು. ಸ್ಕ್ರೂ ಆ ಬಿಗಿಗೆ ಬಂದ ಕೂಡಲೇ ಹಿಡಿ 'ಟಕ್' ಅಂದು ಜಾರುತ್ತದೆ. ಅಳತೆ 10ರಿಂದ 65 ಇಂಚ್-ಪೌಂಡ್ ತನಕ (ಒಂದು ಇಂಚು ತೋಳಿನ ತುದಿಗೆ ಒಂದು ಪೌಂಡ್ ತೂಕ ಹಾಕಿದಷ್ಟು ತಿರುಚುವ ಬಲವೇ ಒಂದು ಇಂಚ್-ಪೌಂಡ್). ಜೊತೆಗೆ ಒಂದು ಪ್ಲಾಸ್ಟಿಕ್ ಡಬ್ಬಿ, ಅದರ ತುಂಬ ಬಿಟ್‌ಗಳು, ಅಂದರೆ ಸ್ಕ್ರೂ ತಲೆಗೆ ತಕ್ಕಂತೆ ಬದಲಾಯಿಸುವ ತುದಿಗಳು. ಕಂಪನಿ ಹೆಸರು ಬರೆಯುತ್ತಿಲ್ಲ. ಈ ಬಗೆಯ ಡ್ರೈವರ್‌ಗಳ ರಚನೆ ಹೆಚ್ಚುಕಡಿಮೆ ಒಂದೇ. ಒಳಗೊಂದು ಸ್ಪ್ರಿಂಗ್, ಅದನ್ನು ಒತ್ತುವ ಒಂದು ತಿರುಪು, ಅಷ್ಟೇ.

ಮೊದಲು ರೋಗದ ವಿಷಯ. ನನ್ನದು .308 ವಿಂಚೆಸ್ಟರ್ ತೋಟಾ ಹಾಕುವ ಬೋಲ್ಟ್ ಆಕ್ಷನ್ ಬೇಟೆ ರೈಫಲ್ (ಪ್ರತಿ ಗುಂಡಿಗೂ ಬೋಲ್ಟ್ ಅನ್ನುವ ಸರಳನ್ನು ಕೈಯಿಂದ ಎಳೆಯಬೇಕು), ಮರದ ಸ್ಟಾಕ್, ಅಂದರೆ ಹೆಗಲಿಗೆ ಒರಗಿಸುವ ಭಾಗ. 1952ರಲ್ಲಿ ಬಂದ ತೋಟಾ ಅದು. ಅದರಲ್ಲಿ ನಿಗೂಢ ಅನ್ನುವಂಥದ್ದು ಏನೂ ಉಳಿದಿಲ್ಲ. 100 ಮೀಟರ್‌ನಲ್ಲಿ ಐದು ಗುಂಡು ಮೂರೂವರೆ ಸೆಂಟಿಮೀಟರ್ ಒಳಗೆ ಬೀಳುತ್ತಿದ್ದವು. ನಿಖರತೆ ಅಳೆಯುವ ಒಂದು ಮಿನಿಟ್ (ಒಂದು ಡಿಗ್ರಿ ಕೋನದ ಅರವತ್ತನೇ ಒಂದು ಪಾಲು) ಅಂದರೆ ಆ ದೂರಕ್ಕೆ ಸುಮಾರು 2.9 ಸೆಂಟಿಮೀಟರ್. ಬೇಟೆ ರೈಫಲ್‌ಗೆ ಅದಕ್ಕಿಂತ ಸ್ವಲ್ಪ ಜಾಸ್ತಿ ಆದರೂ ನನಗೆ ತಕರಾರಿಲ್ಲ. ಹಾಗಿದ್ದದ್ದು ಒಂದು ದಿನ ಇದ್ದಕ್ಕಿದ್ದಂತೆ ಹನ್ನೊಂದು ಸೆಂಟಿಮೀಟರ್ ಆಯಿತು. ಅದೂ ಹರಡಿಕೊಂಡು ಅಲ್ಲ. ಮೂರು ಗುಂಡು ಮೇಲೆ ಬಲಕ್ಕೆ, ಎರಡು ಕೆಳಗೆ ಎಡಕ್ಕೆ. ಎರಡು ಪುಟ್ಟ ಗುಂಪು, ನಡುವೆ ಬಿಳೀ ಕಾಗದ.

ಹಾಗೆ ಎರಡು ಗುಂಪಾಗಿ ಬಿದ್ದಿತ್ತಲ್ಲ, ಅದನ್ನೇ ಓದಿಕೊಂಡಿದ್ದರೆ ಅವತ್ತೇ ಮುಗಿಯುತ್ತಿತ್ತು. ನಳಿಗೆ ಸವೆದರೆ ಗುಂಡುಗಳು ಸುತ್ತ ಹರಡುತ್ತವೆ. ನಳಿಗೆ ಬಿಸಿಯಾಗಿ ಸ್ಟಾಕ್ ಮುಟ್ಟಿದರೆ ಗುಂಡುಗಳು ಸಾಲಾಗಿ ಒಂದೇ ದಿಕ್ಕಿಗೆ ಹೊರಡುತ್ತವೆ. ಎರಡು ಕಡೆ ಗುಂಪು ಕಟ್ಟಿದರೆ, ಯಾವುದೋ ಒಂದು ಭಾಗ ಎರಡು ಜಾಗದಲ್ಲಿ ಕೂರುತ್ತಿದೆ, ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಅಂತ ಮೊದಲ ಅನುಮಾನ ಬರಬೇಕು. ನಾನು ಅದನ್ನು ಬಿಟ್ಟು ತೋಟಾ ಮೇಲೆ ಗೂಬೆ ಕೂರಿಸಿದೆ. ಬೇರೆ ತೂಕದ ಗುಂಡು ತಂದೆ, ಬೇರೆ ಕಂಪನಿಯದೂ ತಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ಕತೆ.

ಆಮೇಲೆ ನಳಿಗೆ ತೊಳೆಯುವ ಹುಚ್ಚು ಹಿಡಿಯಿತು. ತಾಮ್ರ ತೆಗೆಯುವ ದ್ರಾವಣ ಹಾಕಿ ಬಟ್ಟೆ ತುಂಡು ಎಳೆದರೆ ನೀಲಿ, ಅಂದರೆ ತಾಮ್ರ ಇನ್ನೂ ಇದೆ ಅಂತ. ಮತ್ತೆ ಹಾಕಿದೆ, ಮತ್ತೆ ನೀಲಿ. ಒಂದಿಡೀ ದಿನ ಉಜ್ಜಿದೆ. ಸಂಜೆ ಹೊತ್ತಿಗೆ ಗೊತ್ತಾಯಿತು, ಬಟ್ಟೆ ಸಿಗಿಸುವ ಜಾಗ್ ಹಿತ್ತಾಳೆಯದ್ದು, ದ್ರಾವಣ ಕರಗಿಸುತ್ತಿದ್ದದ್ದು ಅದನ್ನೇ! ಪ್ಲಾಸ್ಟಿಕ್ ಜಾಗ್ ಹಾಕಿದ ಮೇಲೆ ಎರಡನೇ ಬಟ್ಟೆಯೇ ಬೆಳ್ಳಗೆ ಬಂತು. ನಳಿಗೆ ಬಾಯಿಯ ಅಂಚನ್ನೂ ನೋಡಿದೆ. ಹತ್ತಿ ಸುತ್ತಿದ ಕಡ್ಡಿಯನ್ನು ಒಳಗಿಂದ ಹೊರಗೆ ಸುತ್ತಲೂ ಎಳೆದರೆ, ಎಲ್ಲಾದರೂ ಚೂರು ಎದ್ದಿದ್ದರೆ ಹತ್ತಿ ಎಳೆ ಸಿಕ್ಕಿಕೊಳ್ಳುತ್ತದೆ. ಎಲ್ಲೂ ಸಿಕ್ಕಲಿಲ್ಲ. ನಳಿಗೆ ಮತ್ತು ಸ್ಟಾಕ್ ನಡುವೆ ಕಾಗದದ ಪಟ್ಟಿ ತೂರಿಸಿದೆ. ಆಕ್ಷನ್ (ಬೋಲ್ಟ್ ಓಡಾಡುವ ಲೋಹದ ಭಾಗ) ಹತ್ತಿರದವರೆಗೂ ಸರಾಗವಾಗಿ ಹೋಯಿತು.

ಇಷ್ಟೆಲ್ಲ ಆದ ಮೇಲೆ ಡ್ರೈವರ್ ತರಿಸಿದೆ. ಅದೂ ಒಂದು ಕೊನೇ ಪ್ರಯತ್ನ ಅಂತ.

ಬಂದ ದಿನವೇ ಅದನ್ನು ನಂಬಲಿಲ್ಲ. ಸ್ಪ್ರಿಂಗ್ ಹೇಳುವ ಮಾತನ್ನು ಕಣ್ಣು ಮುಚ್ಚಿ ಯಾಕೆ ನಂಬಬೇಕು? ಮನೆಯಲ್ಲೇ ಪರೀಕ್ಷೆ ಮಾಡಿದೆ, ನೀವೂ ಮಾಡಬಹುದು. ಡ್ರೈವರ್‌ನ ಹಿಡಿಯನ್ನು ವೈಸ್‌ನಲ್ಲಿ ಅಡ್ಡಕ್ಕೆ ಕಚ್ಚಿಸಿ. ವೈಸ್ ಬಾಯಿಗೆ ರಬ್ಬರ್ ತುಂಡು ಇರಲಿ, ಇಲ್ಲದಿದ್ದರೆ ಹಿಡಿಗೆ ಗಾಯ ಆಗುತ್ತದೆ. ಬಿಟ್ ಕೂರುವ ಆರು ಮೂಲೆಯ ತೂತಿಗೆ ಕಾಲು ಇಂಚಿನ ಎಲ್ ಆಕಾರದ ಅಲೆನ್ ಕೀ ಸರಿಯಾಗಿ ಕೂರುತ್ತದೆ. ಅದರ ಉದ್ದನೆಯ ತೋಳು ನೆಲಕ್ಕೆ ಸಮವಾಗಿ ಇರಬೇಕು. ಡ್ರೈವರ್‌ನ ನಡು ಗೆರೆಯಿಂದ ಸರಿಯಾಗಿ 10 ಸೆಂಟಿಮೀಟರ್‌ಗೆ ಗುರುತು ಮಾಡಿ, ಅಲ್ಲಿಂದ ದಾರ ಕಟ್ಟಿ ಒಂದು ಕ್ಯಾನ್ ತೂಗುಬಿಡಿ. ಅದು ಯಾವ ಕಡೆಗೆ ಎಳೆದರೆ ಡ್ರೈವರ್ ಕ್ಲಿಕ್ ಅನ್ನುತ್ತದೋ ಆ ಕಡೆಗೇ ತೋಳು ಇರಲಿ. ಆಮೇಲೆ ಕ್ಯಾನ್‌ಗೆ ನಿಧಾನವಾಗಿ ನೀರು ಸುರಿಯುತ್ತಾ ಹೋಗಿ. ಟಕ್ ಅಂದ ಕೂಡಲೇ ನಿಲ್ಲಿಸಿ ಕ್ಯಾನ್ ತೂಗಿ.

ಲೆಕ್ಕ ಸುಲಭ. 18 ಇಂಚ್-ಪೌಂಡ್ ಅಂದರೆ 10 ಸೆಂಟಿಮೀಟರ್ ತೋಳಿಗೆ ಸುಮಾರು 2.07 ಕಿಲೋ. 40ಕ್ಕೆ 4.6 ಕಿಲೋ. ನನ್ನದು 18ಕ್ಕೆ ಇಟ್ಟಾಗ 2.2 ಕಿಲೋಗೆ ಜಾರಿತು, 40ಕ್ಕೆ ಇಟ್ಟಾಗ 4.75ಕ್ಕೆ. ಪರವಾಗಿಲ್ಲ, ಒಂದು ಇಂಚ್-ಪೌಂಡ್‌ನಷ್ಟು ಜಾಸ್ತಿ ಎಳೆಯುತ್ತದೆ. ಆದರೆ 10ಕ್ಕೆ ಇಟ್ಟಾಗ 1.15 ಕಿಲೋಗೆ ಜಾರಬೇಕಾದದ್ದು 1.4ರ ತನಕ ತಡೆದುಕೊಂಡಿತು. ಅಂದರೆ ಕೆಳಗಿನ ತುದಿಯಲ್ಲಿ ಐದನೇ ಒಂದು ಪಾಲು ತಪ್ಪು. ಅಳತೆಪಟ್ಟಿಯ ತೀರಾ ಕೆಳಗಿನ ಅಂಕಿಯಲ್ಲಿ ಇಂಥ ಸ್ಪ್ರಿಂಗ್ ಸಾಧನಗಳನ್ನು ನೆಚ್ಚಿಕೊಳ್ಳಬಾರದು ಅನ್ನುವ ಮಾತು ಸುಳ್ಳಲ್ಲ. 15ಕ್ಕಿಂತ ಕೆಳಗೆ ನಾನು ಇದನ್ನು ಬಳಸುವುದೇ ಇಲ್ಲ.

ಮುಂದಿನ ಪರೀಕ್ಷೆ ನನ್ನ ಕೈಗೆ. ಸ್ಕೋಪನ್ನು (ಗುರಿ ನೋಡುವ ದುರ್ಬೀನು) ಹಿಡಿದುಕೊಳ್ಳುವ ರಿಂಗ್‌ಗಳ ಸ್ಕ್ರೂಗಳನ್ನು ಇಷ್ಟು ವರ್ಷ ಕೈ ಅಂದಾಜಿನಲ್ಲೇ ಬಿಗಿ ಮಾಡಿದ್ದು. 'ಬೆರಳಿಗೆ ಗೊತ್ತಾಗುತ್ತೆ ಬಿಡಿ' ಅಂತ ಬೇರೆಯವರಿಗೂ ಹೇಳಿಕೊಟ್ಟಿದ್ದೆ. ರಿಂಗ್ ಸ್ಕ್ರೂಗೆ ಸಾಮಾನ್ಯವಾಗಿ 15ರಿಂದ 18 ಇಂಚ್-ಪೌಂಡ್ ಸಾಕು. ಡ್ರೈವರ್ 18ಕ್ಕೆ ಇಟ್ಟು ಒಂದೊಂದನ್ನೇ ಬಿಗಿಯ ಕಡೆ ತಿರುಗಿಸಿದೆ, ಎಲ್ಲವೂ ಅಲುಗದೆ ಟಕ್ ಅಂದವು. 25ಕ್ಕೆ ಇಟ್ಟೆ, ಟಕ್. 30ಕ್ಕೆ ಇಟ್ಟರೂ ಎಂಟರಲ್ಲಿ ಆರು ಅಲುಗಲಿಲ್ಲ! ರಿಂಗ್ ಬಿಚ್ಚಿ ನೋಡಿದರೆ ಸ್ಕೋಪ್ ಕೊಳವೆಯ ಮೇಲೆ ಎರಡು ಕಡೆ ಬಳೆ ಹಾಕಿದ ಹಾಗೆ ಗುರುತು. ಇನ್ನೂ ಸ್ವಲ್ಪ ಹಿಂಡಿದ್ದರೆ ಗುರಿ ಹೊಂದಿಸುವ ಒಳಗಿನ ಕೊಳವೆಯೇ ಸಿಕ್ಕಿಕೊಳ್ಳುತ್ತಿತ್ತೋ ಏನೋ. ಅವತ್ತಿನಿಂದ ಬೆರಳಿನ ಪಾಠ ಹೇಳುವುದನ್ನು ನಿಲ್ಲಿಸಿದ್ದೇನೆ.

ಈಗ ಆಕ್ಷನ್ ಸ್ಕ್ರೂ, ಅಂದರೆ ಸ್ಟಾಕ್‌ಗೂ ಲೋಹದ ಭಾಗಕ್ಕೂ ಗಂಟು ಹಾಕುವ ಎರಡು ದೊಡ್ಡ ಸ್ಕ್ರೂ. (ಬೋಲ್ಟ್ ಹೊರಗೆ ತೆಗೆದು, ನಳಿಗೆಯಲ್ಲಿ ಆ ಕಡೆಯ ಬೆಳಕು ಕಂಡ ಮೇಲೇ ಈ ಕೆಲಸ. ಎಷ್ಟು ಸಲ ಮಾಡಿದ್ದರೂ ಸರಿ.) ಮುಂದಿನದು ಗಟ್ಟಿ ಇತ್ತು. ಹಿಂದಿನದಕ್ಕೆ ಡ್ರೈವರ್ 15ಕ್ಕೆ ಇಟ್ಟು ತಿರುಗಿಸಿದರೆ ಟಕ್ ಅನ್ನುವ ಮೊದಲೇ ಕಾಲು ಸುತ್ತು ಹೋಯಿತು. ಮರ ಒಣಗುತ್ತದೆ, ಸ್ಕ್ರೂ ಕೆಳಗೆ ನಿಧಾನವಾಗಿ ಅಮುಕಿ ಕೂರುತ್ತದೆ, ಬಿಗಿ ತಾನಾಗಿ ಇಳಿಯುತ್ತದೆ. ಮರದ ಸ್ಟಾಕ್‌ಗೆ ನಾನು 40 ಇಟ್ಟುಕೊಂಡಿದ್ದೇನೆ. ಅಲ್ಯೂಮಿನಿಯಂ ಕಂಬ ಕೂರಿಸಿದ ಸ್ಟಾಕ್ ಆದರೆ 60–65ರ ತನಕ ಹೋಗುವವರಿದ್ದಾರೆ. ಬರೀ ಮರಕ್ಕೆ ಅಷ್ಟು ಕೊಟ್ಟರೆ ಮರವೇ ಜಜ್ಜಿಹೋಗುತ್ತದೆ. ನಿಮ್ಮ ರೈಫಲ್ ಮಾಡಿದವರು ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ, ನನ್ನದನ್ನಲ್ಲ.

ಬಿಗಿ ಮಾಡುವಾಗ ರೈಫಲನ್ನು ಬುಡ ಕೆಳಗೆ ಮಾಡಿ ನೆಟ್ಟಗೆ ನಿಲ್ಲಿಸಿದೆ. ಹಾಗೆ ಮಾಡಿದರೆ ರಿಕಾಯಿಲ್ ಲಗ್ (ಗುಂಡಿನ ಹಿಂದೊದೆತವನ್ನು ಸ್ಟಾಕ್‌ಗೆ ದಾಟಿಸುವ ಲೋಹದ ಗಟ್ಟಿ) ಸ್ಟಾಕ್‌ಗೆ ಒರಗಿ ಕೂರುತ್ತದೆ. ಮೊದಲು ಮುಂದಿನ ಸ್ಕ್ರೂ, ಆಮೇಲೆ ಹಿಂದಿನದು. ಒಂದೇ ಏಟಿಗೆ ಅಲ್ಲ, 20, 30, 40 ಹೀಗೆ ಸರದಿಯಲ್ಲಿ.

ರೇಂಜ್‌ಗೆ ಹೋದೆ. ಹನ್ನೊಂದು ಇದ್ದದ್ದು ಏಳು ಸೆಂಟಿಮೀಟರ್‌ಗೆ ಇಳಿಯಿತು. ಖುಷಿ ಆಯಿತು, ಅರ್ಧ ಗಂಟೆ. ಯಾಕೆಂದರೆ ಎರಡು ಗುಂಪು ಹಾಗೇ ಇದ್ದವು. ಹತ್ತಿರ ಬಂದಿದ್ದವು, ಒಂದಾಗಿರಲಿಲ್ಲ. ಸಾಲಾಗಿ ನಾಲ್ಕು ಸಲ ಐದೈದು ಹೊಡೆದೆ, ನಳಿಗೆ ಕೈಗೆ ತಣ್ಣಗೆ ತಗಲುವ ತನಕ ಕಾದು. ಮೂರು ಗುಂಡಿನ ಗುಂಪನ್ನು ಮಾತ್ರ ನೋಡುವವರಾಗಿದ್ದರೆ 'ಸರಿಹೋಯ್ತು' ಅಂತ ಮನೆಗೆ ಬರಬಹುದಿತ್ತು. ಒಂದೇ ರೈಫಲ್‌ನಲ್ಲಿ ಐದು ಗುಂಡಿನ ಗುಂಪು ಮೂರರದ್ದಕ್ಕಿಂತ ಸರಾಸರಿ ಕಾಲು ಪಾಲಿಗಿಂತ ಸ್ವಲ್ಪ ಜಾಸ್ತಿ ದೊಡ್ಡದಿರುತ್ತದೆ. ಅದು ಬರೀ ಲೆಕ್ಕಾಚಾರ, ರೈಫಲ್‌ನ ತಪ್ಪಲ್ಲ. ಮೂರು ಗುಂಡು ಎಷ್ಟೋ ಸಲ ಸುಮ್ನೆ ಮುಖಸ್ತುತಿ ಮಾಡುತ್ತವೆ, ಅಲ್ವಾ?

ಡ್ರೈವರ್ ನನ್ನನ್ನು ದಾರಿ ತಪ್ಪಿಸಿದ್ದು ಇಲ್ಲಿಂದ ಮುಂದೆ.

ರಿಂಗ್‌ಗಳು ಕೂರುವುದು ಆಕ್ಷನ್ ಮೇಲಿನ ಸ್ಕೋಪ್ ಬೇಸ್‌ಗಳ ಮೇಲೆ. ಅವು ಎರಡು, ಮುಂದೊಂದು, ಹಿಂದೊಂದು. ಒಂದೊಂದಕ್ಕೆ ಎರಡು ಸ್ಕ್ರೂ. ಡ್ರೈವರ್ 20ಕ್ಕೆ ಇಟ್ಟು ನಾಲ್ಕನ್ನೂ ನೋಡಿದೆ. ಟಕ್, ಟಕ್, ಟಕ್, ಟಕ್. ಬೇಸ್ ಸರಿ ಇದೆ ಅಂತ ಪುಸ್ತಕದಲ್ಲಿ ಗೆರೆ ಎಳೆದುಬಿಟ್ಟೆ. ಹಾಗಾದರೆ ಸ್ಕೋಪೇ ಹೋಗಿರಬೇಕು. ಗೆಳೆಯನ ಸ್ಕೋಪ್ ಕೇಳಿ ತಂದು ಅದೇ ಬೇಸ್ ಮೇಲೆ ಕೂರಿಸಿದೆ. ಮತ್ತೆ ಎರಡು ಗುಂಪು. ಹಾಗಾದರೆ ಸ್ಟಾಕ್ ಒಳಗಿನ ಕೂರಿಕೆ ಸರಿ ಇಲ್ಲ. ಬೆರಳು ನಳಿಗೆಗೂ ಸ್ಟಾಕ್ ತುದಿಗೂ ಒಟ್ಟಿಗೆ ತಾಗಿಸಿ ಮುಂದಿನ ಸ್ಕ್ರೂ ಸಡಿಲ ಮಾಡಿದೆ. ಆಕ್ಷನ್ ಬಿಲ್ಲಿನಂತೆ ಬಾಗಿ ಕೂತಿದ್ದರೆ ಅದು ಸಡಿಲ ಆಗುವಾಗ ಬೆರಳಿಗೆ ಗೊತ್ತಾಗಬೇಕು. ಏನೂ ಆಗಲಿಲ್ಲ. ಮೂರು ವಾರ ಹೀಗೇ ಕಳೆಯಿತು. ಆಗಲೇ ಮಾರುವ ಮಾತು ಬಂದದ್ದು.

ರೇಂಜ್‌ಗೆ ಬರುವ ಹಿರಿಯರೊಬ್ಬರಿದ್ದಾರೆ, ಕೋವಿ ರಿಪೇರಿಯಲ್ಲೇ ಕೂದಲು ಬೆಳ್ಳಗಾದವರು. ಅವರ ಹತ್ತಿರ ಗೋಳು ಹೇಳಿಕೊಂಡೆ.

"ಬೇಸ್ ನೋಡಿದ್ಯಾ?"

"ನೋಡಿದೆ ಸಾರ್. ನಾಲ್ಕೂ 20ಕ್ಕೆ ಟಕ್ ಅಂತವೆ."

"ಟಕ್ ಅಂದಿದ್ದು ಸ್ಕ್ರೂ ಕಣಪ್ಪ. ಬೇಸ್ ಏನಂತು, ಕೇಳಿದ್ಯಾ?"

ಉತ್ತರ ಇರಲಿಲ್ಲ. ಅವರು ಎಣ್ಣೆ ಬಾಟಲಿಯಿಂದ ಒಂದು ತೊಟ್ಟು ತೆಗೆದು ಮುಂದಿನ ಬೇಸ್ ಆಕ್ಷನ್‌ಗೆ ಸೇರುವ ಸಂದಿಗೆ ಬಿಟ್ಟರು. ಎಣ್ಣೆ ಗೆರೆಯಾಗಿ ಹರಡಿತು. "ಈಗ ಸ್ಕೋಪ್ ಮುಂದಿನ ತುದಿ ಹಿಡಿದು ಮೆಲ್ಲಗೆ ಮೇಲೆ ಕೆಳಗೆ ಒತ್ತು" ಅಂದರು. ಒತ್ತಿದೆ. ಗೆರೆ ಒಳಗೆ ಹೋಯಿತು. ಬಿಟ್ಟೆ, ಹೊರಗೆ ಬಂತು. ಕೂದಲೆಳೆಯಷ್ಟು. ಉಸಿರಾಡಿದ ಹಾಗೆ ಇತ್ತು. ಬೇಸ್ ಅಲುಗುವುದು ಕಣ್ಣಿಗೆ ಕಾಣುತ್ತಿರಲಿಲ್ಲ, ಬೆರಳಿಗೂ ಸಿಗುತ್ತಿರಲಿಲ್ಲ. ಎಣ್ಣೆ ಮಾತ್ರ ತೋರಿಸಿತು.

ಸ್ಕೋಪ್ ಇಳಿಸಿ ಬೇಸ್ ಬಿಚ್ಚಿದೆವು. ತೀರಾ ಮುಂದಿನ ಸ್ಕ್ರೂನ ತುದಿ ಕನ್ನಡಿಯಂತೆ ಹೊಳೆಯುತ್ತಿತ್ತು, ಕೊನೆಯ ಮರೆ (ಸ್ಕ್ರೂನ ಸುತ್ತು) ಚಪ್ಪಟೆ. ಆ ತೂತು ಆಳ ಇಲ್ಲ, ಕೆಳಗೆ ನಳಿಗೆಯ ಬುಡ ಇದೆ. ಉದ್ದದ ಸ್ಕ್ರೂ ಹಾಕಿದರೆ ಅದರ ತುದಿ ನಳಿಗೆಗೆ ಹೋಗಿ ಗುದ್ದಿ ನಿಲ್ಲುತ್ತದೆ. ಕೈಗೆ ಗಟ್ಟಿ, ಡ್ರೈವರ್‌ಗೂ ಗಟ್ಟಿ, 20 ಅಲ್ಲ 30ಕ್ಕೆ ಇಟ್ಟರೂ ಟಕ್. ಆದರೆ ಸ್ಕ್ರೂ ತಲೆ ಬೇಸನ್ನು ಒತ್ತಿಯೇ ಇರುವುದಿಲ್ಲ. ಹಿಡಿದುಕೊಂಡಿದ್ದು ಪಕ್ಕದ ಇನ್ನೊಂದು ಸ್ಕ್ರೂ ಒಂದೇ. ಪ್ರತಿ ಗುಂಡಿಗೂ ಬೇಸ್ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಕೂರುತ್ತಿತ್ತು.

ಯಾರು ಹಾಕಿದ್ದು? ನಾನೇ. ಬೇಸ್ ಕೆಳಗೆ ತುಕ್ಕು ಕಂಡಿತು ಅಂತ ಇದೆಲ್ಲ ಶುರುವಾಗುವ ಮೊದಲು ಬಿಚ್ಚಿ, ಒರೆಸಿ, ಎಣ್ಣೆ ಸವರಿ ಮತ್ತೆ ಕೂರಿಸಿದ್ದೆ. ಸ್ಕ್ರೂಗಳು ಎರಡು ಗಿಡ್ಡ, ಎರಡು ಉದ್ದ. ವ್ಯತ್ಯಾಸ ಒಂದು ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ನಾಲ್ಕನ್ನೂ ಒಂದೇ ಬಟ್ಟಲಿಗೆ ಹಾಕಿದ್ದೆ. ಗುಂಪು ಕೆಟ್ಟದ್ದು ಅದಾದ ಮುಂದಿನ ಸಲವೇ! ತೋಟಾ ಬದಲಿಸುವ ಮೊದಲು 'ಕೊನೆಯ ಸಲ ಏನು ಮುಟ್ಟಿದೆ' ಅಂತ ನನ್ನನ್ನೇ ಕೇಳಿಕೊಂಡಿದ್ದರೆ ಆಗುತ್ತಿತ್ತು.

ಸ್ಕ್ರೂ ಅದಲುಬದಲು ಮಾಡಿ, ಮರೆಗಳ ಎಣ್ಣೆ ಒರೆಸಿ ತೆಗೆದೆ. ಎಣ್ಣೆ ಇದ್ದರೆ ತಿಕ್ಕಾಟ ಕಡಿಮೆ. ಅದೇ ಅಂಕಿಗೆ ಕ್ಲಿಕ್ ಆದರೂ ಸ್ಕ್ರೂ ಮೇಲೆ ಎಳೆತ ಜಾಸ್ತಿ ಬೀಳುತ್ತದೆ. ಈ ಡ್ರೈವರ್‌ನ ಕೈಪಿಡಿಯಲ್ಲಿ ಆ ಮಾತೇ ಇಲ್ಲ, ಇರಬೇಕಿತ್ತು. 20ಕ್ಕೆ ಬಿಗಿ ಮಾಡಿ ಮತ್ತೆ ಎಣ್ಣೆ ತೊಟ್ಟು ಬಿಟ್ಟು ನೋಡಿದೆ. ಗೆರೆ ಅಲುಗಲಿಲ್ಲ. ರೇಂಜ್‌ನಲ್ಲಿ ಐದು ಗುಂಡು, ಮೂರೂವರೆ ಸೆಂಟಿಮೀಟರ್. ನಂಬಿಕೆ ಬರಲಿಲ್ಲ, ಹತ್ತು ಹೊಡೆದೆ. ನಾಲ್ಕೂವರೆ. ಒಂದೇ ಗುಂಪು.

ಈಗ ವಸ್ತುವಿನ ಬಗ್ಗೆ ನೇರವಾಗಿ.

ಹಿಡಿ ಚೆನ್ನಾಗಿದೆ, ಬೆವರಿದ ಕೈಗೂ ಜಾರುವುದಿಲ್ಲ. 40ರ ಆಸುಪಾಸಿನ ಕ್ಲಿಕ್ ಕಿವಿಗೂ ಕೈಗೂ ಸ್ಪಷ್ಟ. 15–18ರಲ್ಲಿ ಕ್ಲಿಕ್ ತೀರಾ ಮೃದು. ಪಕ್ಕದಲ್ಲಿ ಯಾರಾದರೂ ಗುಂಡು ಹಾರಿಸುತ್ತಿದ್ದರೆ, ಕಿವಿಗೆ ಮಫ್ ಬೇರೆ ಇದ್ದರೆ, ಗೊತ್ತೇ ಆಗುವುದಿಲ್ಲ. ಹಾಗಾಗಿ ರಿಂಗ್ ಕೆಲಸ ಮನೆಯಲ್ಲೇ ಮಾಡುವುದು. ಅಂಕಿ ತೋರಿಸುವ ಕಿಟಕಿ ದೊಡ್ಡ ತಲೆನೋವು. ಗೆರೆ ದಪ್ಪ, ಅಂಕಿ ಸಣ್ಣದು, ಓರೆಯಿಂದ ನೋಡಿದರೆ 18 ಇದ್ದದ್ದು 20 ಕಾಣುತ್ತದೆ. ನನ್ನ ವಯಸ್ಸಿನವರು ಕನ್ನಡಕ ಹಾಕಿ, ಗೆರೆಗೆ ನೇರ ಕಣ್ಣಿಟ್ಟು ನೋಡಬೇಕು. ನ್ಯೂಟನ್ ಮೀಟರ್ ಅಂಕಿ ಇಲ್ಲ. ಎಷ್ಟೋ ಕೈಪಿಡಿಗಳು ಅದರಲ್ಲೇ ಹೇಳುತ್ತವೆ. ಒಂದು ನ್ಯೂಟನ್ ಮೀಟರ್ ಅಂದರೆ 8.85 ಇಂಚ್-ಪೌಂಡ್ ಅಂತ ಡಬ್ಬಿ ಮುಚ್ಚಳದ ಒಳಗೆ ಬರೆದಿಟ್ಟುಕೊಂಡಿದ್ದೇನೆ.

ಬಿಟ್‌ಗಳ ಬಗ್ಗೆ ಒಳ್ಳೆಯ ಮಾತಿಲ್ಲ. ಸಂಖ್ಯೆ ತೋರಿಸಲು ಡಬ್ಬಿ ತುಂಬಿದ್ದಾರೆ, ನನಗೆ ಬೇಕಾದದ್ದು ನಾಲ್ಕೇ. ರಿಂಗ್‌ಗೆ ಬೇಕಾದ ಟಿ15 ನಕ್ಷತ್ರ ಬಿಟ್ ಎರಡನೇ ತಿಂಗಳಿಗೇ ತುದಿ ತಿರುಚಿಕೊಂಡಿತು. 30ಕ್ಕಿಂತ ಬಿಗಿಯಾಗಿದ್ದ ಆ ಸ್ಕ್ರೂಗಳನ್ನು ಬಿಚ್ಚಿದ್ದು ಅದರಿಂದಲೇ, ಹಾಗಾಗಿ ಪೂರ್ತಿ ತಪ್ಪು ಅದರದ್ದಲ್ಲ ಅನ್ನಿ. ಆದರೂ ಬಿಟ್ ಸವೆದರೆ ಸ್ಕ್ರೂ ತಲೆ ಹಾಳು. ಒಳ್ಳೆಯ ಬಿಟ್ ಬೇರೆ ತಂದುಕೊಳ್ಳಿ. ಬಿಚ್ಚುವುದಕ್ಕೆ ಮಾಮೂಲಿ ಡ್ರೈವರ್ ಬಳಸಿ, ಇದನ್ನು ಬಿಗಿ ಮಾಡಲು ಮಾತ್ರ. ಕೆಲಸ ಮುಗಿದ ಮೇಲೆ ಅಂಕಿಯನ್ನು ಕೆಳಗಿನ ತುದಿಗೆ ಇಳಿಸಿ ಇಡಿ, ಸ್ಪ್ರಿಂಗ್ ಒತ್ತಡದಲ್ಲೇ ವರ್ಷಗಟ್ಟಲೆ ಕೂರುವುದು ಬೇಡ. ಇದನ್ನು ನಾನು ಎರಡು ಸಲ ಮರೆತಿದ್ದೇನೆ.

ಯಾರಿಗೆ ಬೇಕು? ಸ್ಕೋಪ್ ಒಮ್ಮೆ ಕೂರಿಸಿ ಹತ್ತು ವರ್ಷ ಮುಟ್ಟದವರಿಗೆ ಬೇಡ, ಗೆಳೆಯರದ್ದು ಕೇಳಿ ತಂದರೆ ಸಾಕು. ನನ್ನ ಹಾಗೆ ಕೈ ಸುಮ್ಮನಿರದವರಿಗೆ ಬೇಕೇ ಬೇಕು. 100 ಮೀಟರ್‌ನಲ್ಲಿ ಹನ್ನೊಂದು ಸೆಂಟಿಮೀಟರ್ ಅಂದರೆ 200ಕ್ಕೆ ಇಪ್ಪತ್ತೆರಡು. ಅಂಥ ರೈಫಲ್ ಹಿಡಿದು ಪ್ರಾಣಿಯತ್ತ ಗುರಿ ಇಡುವುದು ಅಂದರೆ ಗಾಯ ಮಾಡಿ ಓಡಿಸುವುದೇ.

ಐದಕ್ಕೆ ಮೂರೂವರೆ ನಕ್ಷತ್ರ. ಬಿಟ್‌ಗೆ ಒಂದು ಕಳೆದೆ, ಕಿಟಕಿಗೆ ಅರ್ಧ. ಮೂರು ವಾರ ದಾರಿ ತಪ್ಪಿಸಿದ್ದಕ್ಕೆ ಏನೂ ಕಳೆದಿಲ್ಲ, ಅದು ಕೇಳಿದ್ದಕ್ಕೆ ಉತ್ತರ ಕೊಟ್ಟಿತ್ತು ಅಷ್ಟೇ. ಡಬ್ಬಿಯಲ್ಲಿ ಬಿಟ್‌ಗಳನ್ನು ಕಿತ್ತು ಖಾಲಿ ಮಾಡಿದ ಮೂಲೆಯಲ್ಲಿ ಈಗ ಎಣ್ಣೆಯ ಪುಟ್ಟ ಬಾಟಲಿ ಕೂತಿದೆ. ಬಟ್ಟಲಿನ ಬದಲು ಒಂದು ರಟ್ಟಿನ ತುಂಡು, ಅದರಲ್ಲಿ ನಾಲ್ಕು ತೂತು, ಮೇಲೆ ಪೆನ್ನಿನಲ್ಲಿ ಬರೆದದ್ದು: 'ಮುಂದೆ ಗಿಡ್ಡ, ಹಿಂದೆ ಉದ್ದ'.